ಇಂಜಿನ್ ಕಾದಾಗ ಮುಚ್ಚಳಕ್ಕೆ ಕೈ ಹಾಕಬೇಡಿ: ಓವರ್‌ಹೀಟ್ ಮತ್ತು ಕೂಲೆಂಟ್ ಕೊರತೆ ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ಇಂಜಿನ್ ಕಾದು ಕಾರು ನಿಂತಿತು ಅಂದರೆ ಬಹಳ ಜನ ಮೊದಲು ಮಾಡುವ ಕೆಲಸ ಬಾನೆಟ್ ಎತ್ತಿ ರೇಡಿಯೇಟರ್ ಮುಚ್ಚಳ ತಿರುಗಿಸುವುದು. ಎಲ್ಲಕ್ಕಿಂತ ಅಪಾಯದ ಕೆಲಸ ಅದೇ. ಇಂಜಿನ್ ಹಾಳಾದರೆ ರಿಪೇರಿ ಮಾಡಿಸಬಹುದು, ಬೇರೆಯದನ್ನೇ ಕೂರಿಸಬಹುದು. ಕುದಿಯುವ ಕೂಲೆಂಟ್ ಮುಖಕ್ಕೆ ಚಿಮ್ಮಿದರೆ ಆ ಗಾಯದ ಗುರುತು ಜೀವನಪೂರ್ತಿ ಉಳಿಯಬಹುದು. ಹಾಗಾಗಿ ಮುಂದಿನದ್ದನ್ನು ಓದಲು ಪುರುಸೊತ್ತು ಇಲ್ಲದಿದ್ದರೂ ಇಷ್ಟು ತಲೆಯಲ್ಲಿರಲಿ: ಬಿಸಿ ಇಂಜಿನ್‌ನ ಕೂಲೆಂಟ್ ಮುಚ್ಚಳ ತೆರೆಯಬಾರದು. ಎಷ್ಟೇ ಅರ್ಜೆಂಟ್ ಇದ್ದರೂ ತೆರೆಯಬಾರದು.

ಇನ್ನೊಂದು ವಿಷಯ. ಕೂಲೆಂಟ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಕೊಳವೆಗಳ ಒಳಗೆ ಅದೇ ದ್ರವ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಅದು ಕಣ್ಣಿಗೆ ಕಾಣುವಷ್ಟು ಕಡಿಮೆ ಆಗಿದೆ ಅಂದರೆ ಎಲ್ಲೋ ಹೊರಗೆ ಹೋಗುತ್ತಿದೆ ಅಂತಲೇ ಅರ್ಥ. ಮೇಲಿಂದ ಸುರಿದು ತುಂಬಿಸಿದರೆ ಗ್ಯಾರೇಜ್ ತಲುಪಬಹುದು, ಆದರೆ ಕಾರು ರಿಪೇರಿ ಆಗಲಿಲ್ಲ.

ಮುಚ್ಚಳದ ಕೆಳಗೆ ಏನಿದೆ?

ಸಾಮಾನ್ಯವಾಗಿ ಕೂಲೆಂಟ್ ಅಂದರೆ ಅರ್ಧ ನೀರು, ಅರ್ಧ ಇಥಿಲೀನ್ ಗ್ಲೈಕಾಲ್, ಜೊತೆಗೆ ತುಕ್ಕು ಹಿಡಿಯದಂತೆ ತಡೆಯುವ ರಾಸಾಯನಿಕಗಳು. ವಾಟರ್ ಪಂಪ್ ಇದನ್ನು ಇಂಜಿನ್ ಬ್ಲಾಕ್ (ಸಿಲಿಂಡರ್‌ಗಳಿರುವ ಮುಖ್ಯ ಭಾಗ) ಮತ್ತು ಹೆಡ್ (ಅದರ ಮೇಲೆ ಕೂರುವ ಭಾಗ) ಒಳಗೆಲ್ಲ ಓಡಾಡಿಸುತ್ತದೆ. ಅಲ್ಲಿನ ಬಿಸಿಯನ್ನು ಹೊತ್ತು ತಂದು ರೇಡಿಯೇಟರ್‌ನಲ್ಲಿ ಗಾಳಿಗೆ ಬಿಡುತ್ತದೆ. ನಡುವೆ ಥರ್ಮೋಸ್ಟಾಟ್ ಅನ್ನುವ ಪುಟ್ಟ ಬಾಗಿಲಿದೆ. ಇಂಜಿನ್ ತಣ್ಣಗಿರುವಾಗ ಅದು ಮುಚ್ಚಿರುತ್ತದೆ, ಹೆಚ್ಚಿನ ಕಾರುಗಳಲ್ಲಿ 82ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ ತೆರೆದುಕೊಳ್ಳುತ್ತದೆ.

ಎಲ್ಲ ಸರಿಯಾಗಿರುವ ಇಂಜಿನ್‌ನಲ್ಲೂ ಕೂಲೆಂಟ್ 85ರಿಂದ 105 ಡಿಗ್ರಿವರೆಗೆ ಇರುತ್ತದೆ. 100 ದಾಟಿದರೂ ಅದು ಕುದಿಯುವುದಿಲ್ಲ. ಒಂದು ಕಾರಣ ಗ್ಲೈಕಾಲ್, ದೊಡ್ಡ ಕಾರಣ ಆ ಮುಚ್ಚಳ. ಅದು ಒಳಗೆ ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು 1 ಬಾರ್‌ನಷ್ಟು ಹೆಚ್ಚು ಒತ್ತಡ ಹಿಡಿದಿಡುತ್ತದೆ. ಮುಚ್ಚಳದ ಮೇಲೆ 0.9, 1.1 ಅಂತೆಲ್ಲ ಅಚ್ಚಾಗಿರುವುದು ಇದೇ ಲೆಕ್ಕ. ಸಮಪಾಲಿನ ಮಿಶ್ರಣ ತೆರೆದ ಪಾತ್ರೆಯಲ್ಲಿ 107 ಡಿಗ್ರಿ ಹತ್ತಿರ ಕುದಿಯುತ್ತದೆ. ಈ ಒತ್ತಡದಲ್ಲಿ 129ರ ಹತ್ತಿರದವರೆಗೂ ತಡೆದುಕೊಳ್ಳುತ್ತದೆ.

ಈಗ ಒಳಗೆ 120 ಡಿಗ್ರಿ ಇರುವಾಗ ನೀವು ಮುಚ್ಚಳ ತೆಗೆದಿರಿ ಅಂದುಕೊಳ್ಳಿ. ಒತ್ತಡ ಹೋದ ತಕ್ಷಣ ದ್ರವದ ಒಂದು ಭಾಗ ಅಲ್ಲೇ ಆವಿಯಾಗುತ್ತದೆ. ನೀರು ಆವಿಯಾದಾಗ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. ಆ ಆವಿ ಉಳಿದ ಬಿಸಿ ದ್ರವವನ್ನೂ ತಳ್ಳಿಕೊಂಡು ಮೇಲಕ್ಕೆ ಹಾರುತ್ತದೆ. ವಿಷಲ್ ಇಳಿಯದೆ ಕುಕ್ಕರ್ ಮುಚ್ಚಳ ಎಳೆಯಲು ಯಾರೂ ಹೋಗುವುದಿಲ್ಲ, ಅಲ್ವಾ? ಇಲ್ಲೂ ಅದೇ ಕಥೆ.

ಇಂಜಿನ್‌ಗೆ ಏನಾಗುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಹೆಚ್ಚಿನ ಕಾರುಗಳ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು. ಬಿಸಿಗೆ ಅದು ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮಿತಿ ಮೀರಿ ಕಾದರೆ ಹೆಡ್ ಬೆಂಡ್ ಆಗುತ್ತದೆ, ಹೆಡ್ ಮತ್ತು ಬ್ಲಾಕ್ ನಡುವಿನ ಗ್ಯಾಸ್ಕೆಟ್ ಕೆಡುತ್ತದೆ. ಇನ್ನೂ ಓಡಿಸಿದರೆ ಪಿಸ್ಟನ್ ಕಚ್ಚಿಕೊಂಡು ಇಂಜಿನ್ ಸೀಜ್ ಆಗುತ್ತದೆ. ಆಮೇಲೆ ಉಳಿಯುವುದು ಇಂಜಿನ್ ಪೂರ್ತಿ ಬಿಚ್ಚುವ ಕೆಲಸ.

ಓಡಿಸುತ್ತಿರುವಾಗ ಕಾಣುವ ಸೂಚನೆಗಳು

ಟೆಂಪರೇಚರ್ ಮುಳ್ಳು ಯಾವಾಗಲೂ ನಿಲ್ಲುವ ಜಾಗ ಬಿಟ್ಟು ಮೇಲೇರುವುದು, ಥರ್ಮಾಮೀಟರ್ ಗುರುತಿನ ಕೆಂಪು ದೀಪ ಹೊತ್ತುವುದು, ಬಾನೆಟ್ ಅಂಚಿನಿಂದ ಆವಿ ಬರುವುದು. ಇವು ಎಲ್ಲರಿಗೂ ಗೊತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕಾಣುವ ನೀಲಿ ದೀಪ ಇಂಜಿನ್ ಇನ್ನೂ ತಣ್ಣಗಿದೆ ಅಂತ ಹೇಳುವುದು ಅಷ್ಟೇ.

ಅಷ್ಟಾಗಿ ಗೊತ್ತಿಲ್ಲದ ಸೂಚನೆಗಳೂ ಇವೆ. ಕಾರಿನೊಳಗೆ ಸಿಹಿ ಸಿಹಿಯಾದ ವಾಸನೆ ಬಂದರೆ ಅದು ಗ್ಲೈಕಾಲ್. ಎಸಿ ಇದ್ದಕ್ಕಿದ್ದಂತೆ ತಂಪು ಕೊಡುವುದನ್ನು ನಿಲ್ಲಿಸಬಹುದು. ಇಂಜಿನ್ ಕಾಯುತ್ತಿದೆ ಅಂತ ಗೊತ್ತಾದಾಗ ಅನೇಕ ಕಾರುಗಳ ಕಂಪ್ಯೂಟರ್ ಎಸಿ ಕಂಪ್ರೆಸರ್ ಅನ್ನು ತಾನೇ ಬಂದ್ ಮಾಡುತ್ತದೆ. ಮುಳ್ಳು ಮೇಲಿದ್ದರೂ ಹೀಟರ್‌ನಿಂದ ತಣ್ಣನೆ ಗಾಳಿ ಬಂದರೆ ಹೀಟರ್‌ವರೆಗೆ ಬಿಸಿ ಕೂಲೆಂಟ್ ತಲುಪುತ್ತಿಲ್ಲ, ಬಹುಶಃ ಕೂಲೆಂಟ್ ಖಾಲಿಯಾಗಿದೆ. ಬ್ಯಾಟರಿ ದೀಪ ಮತ್ತು ಟೆಂಪರೇಚರ್ ದೀಪ ಒಟ್ಟಿಗೆ ಹೊತ್ತಿದರೆ ಬೆಲ್ಟ್ ತುಂಡಾಗಿರಬಹುದು, ಯಾಕೆಂದರೆ ಬಹಳಷ್ಟು ಇಂಜಿನ್‌ಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮತ್ತು ವಾಟರ್ ಪಂಪ್ ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟ್.

ಜನ ಮೋಸ ಹೋಗುವ ಜಾಗ ಇನ್ನೊಂದಿದೆ. ಮುಳ್ಳು ಏರುತ್ತಾ ಏರುತ್ತಾ ಹೋಗಿ ಒಮ್ಮೆಲೇ ಕೆಳಗೆ ಬೀಳುತ್ತದೆ. ಸದ್ಯ ತಣ್ಣಗಾಯಿತು ಅಂತ ಸಮಾಧಾನ ಪಡಬೇಡಿ. ಸೆನ್ಸರ್ ಅಳೆಯುವುದು ದ್ರವದ ಬಿಸಿಯನ್ನು. ಕೂಲೆಂಟ್ ಸೋರಿಹೋಗಿ ಸೆನ್ಸರ್ ಸುತ್ತ ಬರೀ ಗಾಳಿ ಉಳಿದರೆ ಅದು ಕಡಿಮೆ ಬಿಸಿ ತೋರಿಸಬಹುದು. ಆ ಹೊತ್ತಿಗೆ ಇಂಜಿನ್ ತನ್ನ ಅತ್ಯಂತ ಕೆಟ್ಟ ಸ್ಥಿತಿಯಲ್ಲಿರುತ್ತದೆ. ಕಾರಣವಿಲ್ಲದೆ ಮುಳ್ಳು ಬಿದ್ದರೂ ನಿಲ್ಲಿಸಿ.

ಮುಳ್ಳು ಏರುತ್ತಿದೆ, ಇನ್ನೂ ಕೆಂಪು ಮುಟ್ಟಿಲ್ಲ

ಎಸಿ ಆಫ್ ಮಾಡಿ. ಕಿಟಕಿ ಇಳಿಸಿ. ಹೀಟರ್ ಅನ್ನು ಪೂರ್ತಿ ಬಿಸಿಗೆ ತಿರುಗಿಸಿ, ಅದರ ಫ್ಯಾನ್ ಕೂಡ ಫುಲ್ ಇಡಿ. ಒಳಗೆ ಕೂರಲಾಗದಷ್ಟು ಸೆಕೆ ಆಗುತ್ತದೆ, ಆದರೂ ಇದು ನಿಜವಾಗಿ ಕೆಲಸ ಮಾಡುತ್ತದೆ. ಹೀಟರ್ ಅಂದರೆ ಡ್ಯಾಶ್‌ಬೋರ್ಡ್ ಹಿಂದಿರುವ ಪುಟ್ಟ ರೇಡಿಯೇಟರ್, ಇಂಜಿನ್‌ನ ಒಂದಿಷ್ಟು ಬಿಸಿ ಅದರ ಮೂಲಕ ಹೊರಬರುತ್ತದೆ.

ಆಕ್ಸಿಲರೇಟರ್ ಮೇಲಿನ ಕಾಲು ಹಗುರ ಮಾಡಿ. ಟ್ರಾಫಿಕ್‌ನಲ್ಲಿ ಮುಂದಿನ ಗಾಡಿಯ ಹಿಂಬದಿಗೆ ಅಂಟಿ ನಿಲ್ಲಬೇಡಿ. ಅದರ ಬಿಸಿ ಗಾಳಿ ನೇರ ನಿಮ್ಮ ರೇಡಿಯೇಟರ್‌ಗೆ ಬರುತ್ತದೆ. ಹೀಗೆ ಮಾಡುತ್ತಲೇ ನಿಲ್ಲಿಸಲು ಜಾಗ ಹುಡುಕಿ. ಒಂದೆರಡು ನಿಮಿಷದಲ್ಲಿ ಮುಳ್ಳು ಇಳಿಯಲಿಲ್ಲ ಅಂದರೆ ಮುಂದೆ ಹೋಗುವ ಯೋಚನೆ ಬಿಡಿ.

ಕೆಂಪು ಮುಟ್ಟಿದರೆ, ಕೆಂಪು ದೀಪ ಹೊತ್ತಿದರೆ, ಆವಿ ಕಂಡರೆ ಈ ಯಾವ ಪ್ರಯೋಗವೂ ಬೇಡ. ಎಡಬಲ ನೋಡಿಕೊಂಡು ಮೊದಲು ಸಿಕ್ಕ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ. "ಇನ್ನು ಒಂದೇ ಕಿಲೋಮೀಟರ್, ತಲುಪಿಬಿಡೋಣ" ಅನಿಸುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗುವುದು ಆ ಒಂದು ಕಿಲೋಮೀಟರಿನಲ್ಲೇ. ಹಾಗಂತ ಕಾರು ಓಡುತ್ತಿರುವಾಗಲೇ ಕೀ ತಿರುಗಿಸಬೇಡಿ. ಬ್ರೇಕ್‌ಗೆ, ಸ್ಟೀರಿಂಗ್‌ಗೆ ಸಿಗುವ ಬಲ ಹೋಗುತ್ತದೆ, ಸ್ಟೀರಿಂಗ್ ಲಾಕ್ ಕೂಡ ಆಗಬಹುದು.

ನಿಲ್ಲಿಸಿದ ತಕ್ಷಣ

ಹಜಾರ್ಡ್ ಲೈಟ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ರಸ್ತೆ ಬದಿಯಲ್ಲಿದ್ದರೆ ಎಲ್ಲರೂ ವಾಹನಗಳು ಓಡಾಡದ ಕಡೆಯಿಂದ ಇಳಿದು ರಸ್ತೆಯಿಂದ ದೂರ ನಿಲ್ಲಿ. ಮಕ್ಕಳನ್ನು ಬಾನೆಟ್ ಹತ್ತಿರ ಬಿಡಬೇಡಿ.

ಇಂಜಿನ್ ಆಫ್ ಮಾಡಿದ ಮೇಲೆ ಆವಿ ಜಾಸ್ತಿ ಆಗಬಹುದು. ಗಾಬರಿ ಬೇಡ. ಪಂಪ್ ನಿಂತಿದೆ, ಕೂಲೆಂಟ್ ಸುತ್ತುತ್ತಿಲ್ಲ, ಲೋಹದಲ್ಲಿ ತುಂಬಿದ್ದ ಬಿಸಿ ಕೆಲವು ನಿಮಿಷ ದ್ರವಕ್ಕೆ ಇಳಿಯುತ್ತಲೇ ಇರುತ್ತದೆ. ಇದನ್ನು ನೋಡಿ ಮತ್ತೆ ಸ್ಟಾರ್ಟ್ ಮಾಡಬೇಡಿ.

ಆವಿಯೋ ಹೊಗೆಯೋ ಅಂತ ಗಮನಿಸಿ. ಆವಿ ಬಿಳಿಯಾಗಿರುತ್ತದೆ, ಮೇಲೆದ್ದು ಬೇಗ ಕರಗಿಹೋಗುತ್ತದೆ, ಸಿಹಿ ವಾಸನೆ ಇರುತ್ತದೆ. ಬೂದು ಅಥವಾ ಕಪ್ಪು ಬಣ್ಣ, ರಬ್ಬರ್ ಪ್ಲಾಸ್ಟಿಕ್ ಸುಟ್ಟ ವಾಸನೆ ಇದ್ದರೆ ಅದು ಬೆಂಕಿ. ಆಗ ಬಾನೆಟ್ ಎತ್ತಲೇಬಾರದು, ಎತ್ತಿದರೆ ಬೆಂಕಿಗೆ ಗಾಳಿ ಸಿಗುತ್ತದೆ. ಎಲ್ಲರೂ ದೂರ ಹೋಗಿ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.

ಆವಿ ಬರುತ್ತಿದ್ದರೂ ಬಾನೆಟ್ ಮುಚ್ಚಿಯೇ ಇರಲಿ. ಪೂರ್ತಿ ನಿಂತ ಮೇಲೆ ಒಳಗಿನ ಲಿವರ್ ಎಳೆದು, ಬದಿಗೆ ನಿಂತು, ಬಟ್ಟೆ ಹಿಡಿದು ನಿಧಾನ ಎತ್ತಿ. ತೆರೆದಿಟ್ಟರೆ ಬಿಸಿ ಬೇಗ ಹೊರಹೋಗುತ್ತದೆ. ರೇಡಿಯೇಟರ್ ಫ್ಯಾನ್‌ನಿಂದ ಕೈ, ದುಪಟ್ಟಾ, ಕೂದಲು ದೂರ ಇಡಿ. ಇಂಜಿನ್ ಆಫ್ ಆಗಿದ್ದರೂ ಆ ಫ್ಯಾನ್ ತಾನಾಗಿ ತಿರುಗಲು ಶುರು ಮಾಡಬಹುದು.

ಹೈಬ್ರಿಡ್ ಕಾರು ಇದ್ದವರಿಗೆ ಒಂದು ಎಚ್ಚರಿಕೆ. ಸದ್ದಿಲ್ಲ ಅಂದ ಮಾತ್ರಕ್ಕೆ ಆಫ್ ಆಗಿದೆ ಅಂತಲ್ಲ. ರೆಡಿ ದೀಪ ಆರುವಂತೆ ಪವರ್ ಪೂರ್ತಿ ಆಫ್ ಮಾಡಿ, ಕೀಯನ್ನು ಕಾರಿನಿಂದ ದೂರ ಇಡಿ. ಇಲ್ಲದಿದ್ದರೆ ನೀವು ಬಗ್ಗಿ ನೋಡುತ್ತಿರುವಾಗಲೇ ಇಂಜಿನ್ ಸ್ಟಾರ್ಟ್ ಆಗಬಹುದು. ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳಲ್ಲಿ ಹೈ ವೋಲ್ಟೇಜ್ ಇರುತ್ತದೆ, ಮುಟ್ಟಬೇಡಿ. ಎಲೆಕ್ಟ್ರಿಕ್ ಕಾರುಗಳಲ್ಲೂ ಬ್ಯಾಟರಿ, ಮೋಟರ್ ತಣ್ಣಗಿಡಲು ಸಾಮಾನ್ಯವಾಗಿ ಕೂಲೆಂಟ್ ಇರುತ್ತದೆ, ಆದರೆ ಅದಕ್ಕೆ ನೀವಾಗಿ ಏನೂ ಸುರಿಯಬೇಡಿ. ಕೆಲವದಕ್ಕೆ ಬೇರೆಯದೇ ಬಗೆಯ ಕೂಲೆಂಟ್ ಬೇಕು.

ಕಾಯುವುದು

ಕನಿಷ್ಠ 30 ನಿಮಿಷ. ಬಿಸಿಲು ಜೋರಾಗಿದ್ದರೆ, ಇಂಜಿನ್ ಚೆನ್ನಾಗಿ ಕಾದಿದ್ದರೆ ಒಂದು ಗಂಟೆ ಅಥವಾ ಅದಕ್ಕೂ ಜಾಸ್ತಿ. ಸುಮ್ನೆ ಕೂತಿರುವುದು ಕಷ್ಟ ಅಂತ ಗೊತ್ತು. ಯಾರಾದರೂ ಬಂದು ಇಂಜಿನ್ ಮೇಲೆ ನೀರು ಹೊಯ್ಯಿರಿ ಅನ್ನುತ್ತಾರೆ. ಬೇಡ. ಕಾದ ಲೋಹದ ಮೇಲೆ ತಣ್ಣೀರು ಬಿದ್ದರೆ ಒಂದು ಕಡೆ ಥಟ್ಟನೆ ಕುಗ್ಗುತ್ತದೆ, ಪಕ್ಕದ ಭಾಗ ಹಿಗ್ಗಿಯೇ ಇರುತ್ತದೆ, ಹೆಡ್‌ನಲ್ಲೋ ಬ್ಲಾಕ್‌ನಲ್ಲೋ ಬಿರುಕು ಬಿಡಬಹುದು. ಒಳಗೆ ತಣ್ಣೀರು ಸುರಿದರೂ ಅದೇ ಗತಿ.

ಗಡಿಯಾರಕ್ಕಿಂತ ಮೇಲಿನ ರೇಡಿಯೇಟರ್ ಹೋಸ್ ಹೆಚ್ಚು ನಂಬಿಕೆಗೆ ಅರ್ಹ. ಇಂಜಿನ್‌ನಿಂದ ರೇಡಿಯೇಟರ್ ಮೇಲ್ಭಾಗಕ್ಕೆ ಬರುವ ದಪ್ಪ ರಬ್ಬರ್ ಕೊಳವೆ ಅದು. ಮೊದಲು ಅಂಗೈ ಹಿಂಭಾಗವನ್ನು ಹತ್ತಿರ ತಂದು ನೋಡಿ. ಬಿಸಿ ಹೊಡೆದರೆ ಕೈ ಹಿಂದೆಗೆಯಿರಿ, ಇನ್ನೂ ಕಾಯಿರಿ. ಬಿಸಿ ಇಲ್ಲದಿದ್ದರೆ ದಪ್ಪ ಬಟ್ಟೆ ಸುತ್ತಿ ಮೆಲ್ಲಗೆ ಹಿಸುಕಿ. ಕಲ್ಲಿನಂತೆ ಗಟ್ಟಿ ಇದ್ದರೆ ಒಳಗೆ ಒತ್ತಡ ಇದೆ. ಮೆತ್ತಗೆ ಒಳಗೆ ಹೋದರೆ ಒತ್ತಡ ಇಳಿದಿದೆ.

ಈ ಹೊತ್ತಿನಲ್ಲಿ ಮಾಡಬಹುದಾದದ್ದು ಕಣ್ಣಿನ ಕೆಲಸ. ಕೂಲೆಂಟ್ ಇರುವ ಬಿಳಿ ಪ್ಲಾಸ್ಟಿಕ್ ಟ್ಯಾಂಕ್‌ನಲ್ಲಿ ಮಟ್ಟ ಎಲ್ಲಿದೆ, ಮಿನ್ ಗೆರೆಗಿಂತ ಕೆಳಗಾ? ಕಾರಿನ ಕೆಳಗೆ ಬಣ್ಣದ ದ್ರವ ಹನಿಯುತ್ತಿದೆಯಾ? ಯಾವ ಕಡೆಯಿಂದ? ಹೋಸ್ ಎಲ್ಲಾದರೂ ಸೀಳಿದೆಯಾ? ಬೆಲ್ಟ್ ಜಾಗದಲ್ಲಿದೆಯಾ? ಫೋಟೊ ತೆಗೆದಿಟ್ಟುಕೊಳ್ಳಿ, ಮೆಕ್ಯಾನಿಕ್‌ಗೆ ತುಂಬ ಉಪಯೋಗ ಆಗುತ್ತದೆ.

ಮುಚ್ಚಳ ತೆರೆಯುವ ಕ್ರಮ

ಟ್ಯಾಂಕ್‌ನಲ್ಲಿ ಎರಡು ಬಗೆ ಇವೆ. ಕೆಲವು ಕಾರುಗಳಲ್ಲಿ ಒತ್ತಡ ಹಿಡಿಯುವ ಮುಚ್ಚಳ ರೇಡಿಯೇಟರ್ ಮೇಲಿರುತ್ತದೆ, ಪ್ಲಾಸ್ಟಿಕ್ ಡಬ್ಬಿ ಬರೀ ಉಕ್ಕಿದ್ದನ್ನು ಹಿಡಿಯಲು. ಇನ್ನು ಅನೇಕ ಕಾರುಗಳಲ್ಲಿ ಪ್ಲಾಸ್ಟಿಕ್ ಟ್ಯಾಂಕ್ ಒಳಗೇ ಒತ್ತಡ ಇರುತ್ತದೆ, ರೇಡಿಯೇಟರ್‌ಗೆ ಬೇರೆ ಮುಚ್ಚಳವೇ ಇರುವುದಿಲ್ಲ. ಯಾವುದೇ ಆಗಿರಲಿ, ಕ್ರಮ ಒಂದೇ.

1. ಕಾರು ಸಮತಟ್ಟಾದ ಜಾಗದಲ್ಲಿರಲಿ, ಇಂಜಿನ್ ಪೂರ್ತಿ ಆಫ್ ಇರಲಿ, ಹೋಸ್ ಮೆತ್ತಗಾಗಿರಲಿ.
2. ತುಂಬು ತೋಳಿನ ಬಟ್ಟೆ, ಕೈಗವಸು, ಕನ್ನಡಕ ಇದ್ದರೆ ಹಾಕಿಕೊಳ್ಳಿ. ಮುಖ, ಎದೆ ಮುಚ್ಚಳದ ನೇರ ಮೇಲೆ ಬರದಂತೆ ಬದಿಗೆ ನಿಲ್ಲಿ. ಪಕ್ಕದಲ್ಲಿ ಇಣುಕುತ್ತಿರುವವರನ್ನು ಹಿಂದಕ್ಕೆ ಕಳಿಸಿ.
3. ದಪ್ಪ ಟವಲ್ ಅನ್ನು ನಾಲ್ಕು ಮಡಿಕೆ ಮಾಡಿ ಮುಚ್ಚಳ ಪೂರ್ತಿ ಮುಚ್ಚುವಂತೆ ಹಾಕಿ.
4. ಅಪ್ರದಕ್ಷಿಣವಾಗಿ ಕಾಲು ಸುತ್ತು ಮಾತ್ರ, ನಿಧಾನವಾಗಿ ತಿರುಗಿಸಿ. ರೇಡಿಯೇಟರ್ ಮುಚ್ಚಳ ಇಲ್ಲಿ ಒಂದು ಕಡೆ ತಡೆದು ನಿಲ್ಲುತ್ತದೆ, ಒತ್ತಡ ಬಿಡಲೆಂದೇ ಆ ತಡೆ ಇರುವುದು. ಹಿಸ್ ಅಂತ ಸದ್ದು ಬಂದರೆ ಅಲ್ಲೇ ನಿಲ್ಲಿ, ಸದ್ದು ಪೂರ್ತಿ ಅಡಗಲಿ.
5. ಟವಲ್ ಒದ್ದೆಯಾದರೆ, ದ್ರವ ಉಕ್ಕಿದರೆ ಮತ್ತೆ ಬಿಗಿ ಮಾಡಿ ಅರ್ಧ ಗಂಟೆ ಕಾಯಿರಿ.
6. ಸದ್ದಿಲ್ಲ, ದ್ರವ ಇಲ್ಲ ಅಂದಮೇಲೆ ಪೂರ್ತಿ ತೆರೆಯಿರಿ. ರೇಡಿಯೇಟರ್ ಮುಚ್ಚಳವಾದರೆ ಕೆಳಗೆ ಒತ್ತಿ ತಿರುಗಿಸಬೇಕು.

ರೇಡಿಯೇಟರ್ ಮೇಲೆ ಮುಚ್ಚಳ ಇರುವ ಕಾರಿನಲ್ಲಿ ಡಬ್ಬಿ ತುಂಬಿದೆ ಅಂತ ನಂಬಿ ಕೂರಬೇಡಿ. ಮುಚ್ಚಳದ ರಬ್ಬರ್ ಹಾಳಾಗಿದ್ದರೆ ಡಬ್ಬಿಯಿಂದ ಕೂಲೆಂಟ್ ವಾಪಸ್ ಎಳೆದುಕೊಳ್ಳುವುದಿಲ್ಲ. ಡಬ್ಬಿ ಫುಲ್, ರೇಡಿಯೇಟರ್ ಅರ್ಧ ಖಾಲಿ ಇರಬಹುದು.

ಏನು ಹಾಕಬೇಕು, ಎಷ್ಟು?

ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯ ಕೂಲೆಂಟ್ ಹಾಕುವುದು ಸರಿಯಾದ ದಾರಿ. ರೆಡಿ ಮಿಕ್ಸ್ (ಮೊದಲೇ ನೀರು ಬೆರೆಸಿದ್ದು) ಆಗಿದ್ದರೆ ನೇರ ಸುರಿಯಿರಿ. ಕಾನ್ಸಂಟ್ರೇಟ್ (ನೀರು ಬೆರೆಸದ್ದು) ಆಗಿದ್ದರೆ ಡಿಸ್ಟಿಲ್ಡ್ ಅಥವಾ ಡಿಅಯನೈಸ್ಡ್ ನೀರಿನ ಜೊತೆ ಸಮಪಾಲು ಬೆರೆಸಿ. ನೀರಿಲ್ಲದೆ ಬರೀ ಕಾನ್ಸಂಟ್ರೇಟ್ ತುಂಬಿಸಿದರೆ ತಂಪು ಹೆಚ್ಚಾಗುವುದಿಲ್ಲ, ಕಡಿಮೆಯಾಗುತ್ತದೆ. ಬಿಸಿ ಹೊರುವ ಶಕ್ತಿ ಗ್ಲೈಕಾಲ್‌ಗಿಂತ ನೀರಿಗೇ ಜಾಸ್ತಿ.

ಬಣ್ಣ ನೋಡಿ ಆರಿಸಬೇಡಿ. ಹಸಿರು, ಗುಲಾಬಿ, ಕೆಂಪು, ನೀಲಿ ಎಲ್ಲ ತಯಾರಕರು ಹಾಕಿದ ಬಣ್ಣಗಳಷ್ಟೇ. ಒಂದೇ ಬಣ್ಣದ ಎರಡು ಬಾಟಲಿಗಳ ಒಳಗೆ ಬೇರೆ ಬೇರೆ ರಾಸಾಯನಿಕ ಇರಬಹುದು. ಹೊಂದದ್ದನ್ನು ಬೆರೆಸಿದರೆ ತುಕ್ಕು ತಡೆಯುವ ಗುಣ ಹೋಗುತ್ತದೆ, ಕೆಲವೊಮ್ಮೆ ಲೋಳೆಯಂತಾಗಿ ಸಣ್ಣ ದಾರಿಗಳು ಕಟ್ಟಿಕೊಳ್ಳುತ್ತವೆ. ಯಾವುದು ಅಂತ ಖಾತ್ರಿ ಇಲ್ಲದಿದ್ದರೆ ಗೊತ್ತಿಲ್ಲದ ಕೂಲೆಂಟ್‌ಗಿಂತ ಡಿಸ್ಟಿಲ್ಡ್ ನೀರೇ ಮೇಲು. ಅದೂ ಇಲ್ಲವೇ? ಆಪತ್ತಿನಲ್ಲಿ ಕುಡಿಯುವ ನೀರು ಹಾಕಬಹುದು. ಉಪ್ಪು ನೀರು ಮಾತ್ರ ಬೇಡವೇ ಬೇಡ. ನೀರು ಹಾಕಿದ್ದರೆ ಗ್ಯಾರೇಜ್‌ನಲ್ಲಿ ಹೇಳಿ, ಮಿಶ್ರಣ ಸರಿಮಾಡಿಸಿ. ಸಮಪಾಲಿನ ಮಿಶ್ರಣ ಮೈನಸ್ 37 ಡಿಗ್ರಿ ಹತ್ತಿರದವರೆಗೂ ಹೆಪ್ಪುಗಟ್ಟುವುದಿಲ್ಲ. ಬರೀ ನೀರು ಸೊನ್ನೆಯಲ್ಲೇ ಮಂಜುಗಡ್ಡೆಯಾಗಿ ಹಿಗ್ಗಿ ಇಂಜಿನ್ ಬ್ಲಾಕನ್ನೇ ಸೀಳಬಹುದು.

ಸಣ್ಣ ಧಾರೆಯಲ್ಲಿ, ತಡೆತಡೆದು ಸುರಿಯಿರಿ. ನಡುನಡುವೆ ಮೇಲಿನ ಹೋಸ್ ಹಿಸುಕಿದರೆ ಒಳಗೆ ಸಿಕ್ಕಿಕೊಂಡ ಗಾಳಿ ಗುಳುಗುಳು ಅಂತ ಹೊರಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ಸುರಿಯಿರಿ. ಗಾಳಿ ಒಳಗೇ ಉಳಿದರೆ ಏರ್‌ಲಾಕ್ ಆಗಿ, ಕೂಲೆಂಟ್ ತುಂಬಿದ್ದರೂ ಇಂಜಿನ್ ಕಾಯುತ್ತದೆ. ಕೆಲವು ಇಂಜಿನ್‌ಗಳಲ್ಲಿ ಗಾಳಿ ಬಿಡಲು ಪುಟ್ಟ ಸ್ಕ್ರೂ ಇರುತ್ತದೆ, ಎಲ್ಲಿದೆ ಅಂತ ಕೈಪಿಡಿ ನೋಡಿ. ಟ್ಯಾಂಕ್‌ನಲ್ಲಿ ಮಿನ್ ಮತ್ತು ಮ್ಯಾಕ್ಸ್ ನಡುವೆ ನಿಲ್ಲಿಸಿ. ಬಿಸಿಯಾದಾಗ ದ್ರವ ಹಿಗ್ಗಲು ಜಾಗ ಬೇಕು.

ಎಷ್ಟು ಹಿಡಿಯಿತು ಅಂತ ಲೆಕ್ಕ ಇಡಿ. ಸಾಮಾನ್ಯ ಕಾರಿನಲ್ಲಿ ಒಟ್ಟು 5ರಿಂದ 8 ಲೀಟರ್ ಕೂಲೆಂಟ್ ಇರುತ್ತದೆ. ಅರ್ಧ ಲೀಟರ್ ಹಿಡಿದರೆ ನಿಧಾನದ ಸೋರಿಕೆ. 2 ಲೀಟರ್ ದಾಟಿದರೆ ಸೋರಿಕೆ ದೊಡ್ಡದು, ನನ್ನ ಪ್ರಕಾರ ಆ ಕಾರನ್ನು ಎಳೆಸಿಕೊಂಡು ಹೋಗುವುದೇ ಸರಿ.

ಮತ್ತೆ ಸ್ಟಾರ್ಟ್ ಮಾಡಬಹುದಾ?

ಮೊದಲು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದು ಇಂಜಿನ್ ಆಯಿಲ್ ನೋಡಿ. ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಆಯಿಲ್ ಒಳಗೆ ಕೂಲೆಂಟ್ ಸೇರಿದೆ. ಸ್ಟಾರ್ಟ್ ಮಾಡಬೇಡಿ. ಬೆಲ್ಟ್ ತುಂಡಾಗಿದ್ದರೆ, ಹಾಕಿದಷ್ಟೂ ಕೆಳಗೆ ಸುರಿಯುತ್ತಿದ್ದರೆ, ಕೆಂಪು ದೀಪದಲ್ಲೇ ತುಂಬ ದೂರ ಓಡಿಸಿದ್ದರೆ ಕೂಡ ಮಾಡಬೇಡಿ.

ಇವು ಯಾವುದೂ ಇಲ್ಲದಿದ್ದರೆ ಮುಚ್ಚಳ ಬಿಗಿಯಾಗಿ ಹಾಕಿ, ಹೀಟರ್ ಬಿಸಿಗಿಟ್ಟು ಸ್ಟಾರ್ಟ್ ಮಾಡಿ. ಐದಾರು ನಿಮಿಷ ನಿಂತಲ್ಲೇ ಓಡಲಿ. ಹೀಟರ್‌ನಿಂದ ಬಿಸಿ ಗಾಳಿ ಬರುತ್ತಿದ್ದರೆ ಕೂಲೆಂಟ್ ಸುತ್ತುತ್ತಿದೆ. ಕೆಳಗೆ ಬಗ್ಗಿ ಸೋರಿಕೆ ನೋಡಿ. ಮುಳ್ಳು ಮಾಮೂಲಿ ಜಾಗದಲ್ಲಿ ನಿಂತರೆ ಹತ್ತಿರದ ಗ್ಯಾರೇಜ್‌ಗೆ ನಿಧಾನವಾಗಿ, ಎಸಿ ಇಲ್ಲದೆ, ಮುಳ್ಳಿನ ಮೇಲೆ ಕಣ್ಣಿಟ್ಟು ಹೋಗಿ. ಮತ್ತೆ ಏರಿದರೆ ಅಲ್ಲಿಗೆ ಮುಗಿಯಿತು, ಟೋಯಿಂಗ್ ಕರೆಸಿ. ಹೆಡ್ ಕೆಲಸಕ್ಕೆ ಆಗುವ ಖರ್ಚಿನ ಮುಂದೆ ಟೋಯಿಂಗ್ ಖರ್ಚು ಏನೂ ಅಲ್ಲ.

ಸೋರಿದ್ದು ಎಲ್ಲಿ?

ಇದನ್ನು ತಣ್ಣಗಿನ ಇಂಜಿನ್‌ನಲ್ಲಿ, ಟಾರ್ಚ್ ಹಿಡಿದು ಹುಡುಕಬೇಕು. ಒದ್ದೆಗಿಂತ ಒಣಗಿದ ಗುರುತು ಹೆಚ್ಚು ಹೇಳುತ್ತದೆ. ನಿಧಾನ ಸೋರಿದ ಕೂಲೆಂಟ್ ಬಿಸಿಗೆ ಆರಿ, ಜಾಗದಲ್ಲೇ ಬಿಳಿ, ಗುಲಾಬಿ ಅಥವಾ ಹಸಿರು ಪುಡಿಯಂಥ ಪದರ ಬಿಡುತ್ತದೆ. ಹೋಸ್ ಕ್ಲಾಂಪ್ ಅಂಚಿನಲ್ಲಿ ಬೆರಳು ಸವರಿದರೆ ಉಪ್ಪಿನ ಹರಳಿನ ಹಾಗೆ ತರಿತರಿ ಸಿಗುತ್ತದೆ. ರೇಡಿಯೇಟರ್‌ನ ಅಲ್ಯೂಮಿನಿಯಂ ಭಾಗ ಪ್ಲಾಸ್ಟಿಕ್ ಭಾಗಕ್ಕೆ ಸೇರುವ ಅಂಚು, ಥರ್ಮೋಸ್ಟಾಟ್ ಕೂತಿರುವ ಗೂಡು, ಪ್ಲಾಸ್ಟಿಕ್ ಟ್ಯಾಂಕ್‌ನ ಜೋಡಣೆ ಗೆರೆ, ಹೋಸ್‌ನ ಬಾಗಿದ ಭಾಗ ನೋಡಿ. ವಾಟರ್ ಪಂಪ್ ಕೆಳಗೆ ಒಂದು ಪುಟ್ಟ ತೂತಿರುತ್ತದೆ. ಅಲ್ಲಿಂದ ಹನಿದ ಗೆರೆ ಕಂಡರೆ ಪಂಪ್ ಸೀಲ್ ಹೋಗಿದೆ.

ಕಾರಿನೊಳಗೆ ಮುಂದಿನ ಕಾರ್ಪೆಟ್ ಒದ್ದೆ, ಗಾಜಿನ ಮೇಲೆ ಜಿಡ್ಡು ಮಂಜು, ಸಿಹಿ ವಾಸನೆ ಇದ್ದರೆ ಹೀಟರ್ ಕೋರ್, ಅಂದರೆ ಡ್ಯಾಶ್‌ಬೋರ್ಡ್ ಹಿಂದಿನ ಆ ಪುಟ್ಟ ರೇಡಿಯೇಟರ್, ಸೋರುತ್ತಿದೆ. ಎಸಿ ಓಡಿಸಿದಾಗ ಕಾರಿನ ಕೆಳಗೆ ಬೀಳುವ ಬಣ್ಣವಿಲ್ಲದ, ವಾಸನೆಯಿಲ್ಲದ ನೀರು ಮಾಮೂಲಿ, ಅದಕ್ಕೆ ಹೆದರಬೇಡಿ. ಗೊತ್ತಾಗದಿದ್ದರೆ ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿಡಿ.

ಕಣ್ಣಿಗೆ ಏನೂ ಸಿಗಲಿಲ್ಲ ಅಂದರೆ ಪ್ರೆಷರ್ ಟೆಸ್ಟ್ ಮಾಡಿಸಿ. ಮುಚ್ಚಳದ ಜಾಗಕ್ಕೆ ಕೈಪಂಪ್ ಜೋಡಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ಮೀಟರ್ ಮುಳ್ಳು ಇಳಿಯುತ್ತದಾ ಅಂತ ನೋಡುತ್ತಾರೆ. ತಣ್ಣಗಿನ ಇಂಜಿನ್‌ನಲ್ಲೇ ಆಗುವ ಪರೀಕ್ಷೆ ಇದು. ಜೊತೆಗೆ ಮುಚ್ಚಳವನ್ನೂ ಪರೀಕ್ಷೆ ಮಾಡಿಸಿ. ಒತ್ತಡ ಹಿಡಿಯದ ಮುಚ್ಚಳದಿಂದಲೂ ಕೂಲೆಂಟ್ ಆವಿಯಾಗಿ ಹೋಗುತ್ತದೆ.

ಸೋರಿಕೆ ಮುಚ್ಚುವ ಬಾಟಲಿ ದ್ರವಗಳ ಮೇಲೆ ನನಗೆ ವಿಶ್ವಾಸ ಇಲ್ಲ. ತೂತು ಮುಚ್ಚುವ ವಸ್ತುವಿಗೆ ಹೀಟರ್ ಕೋರ್‌ನ ಸಣ್ಣ ಕೊಳವೆ ಯಾವುದು, ತೂತು ಯಾವುದು ಅಂತ ಗೊತ್ತಾಗುವುದಿಲ್ಲ.

ಕೂಲೆಂಟ್ ತುಂಬಿದೆ, ಆದರೂ ಕಾಯುತ್ತಿದೆ

ಯಾವಾಗ ಕಾಯುತ್ತದೆ ಅನ್ನುವುದೇ ಅರ್ಧ ಉತ್ತರ. ಟ್ರಾಫಿಕ್‌ನಲ್ಲಿ ಕಾದು, ಓಡತೊಡಗಿದಾಗ ತಣ್ಣಗಾದರೆ ರೇಡಿಯೇಟರ್ ಫ್ಯಾನ್ ಮೇಲೆ ಅನುಮಾನ. ಇಂಜಿನ್ ಓಡುವಾಗ ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ವಯರಿಂಗ್, ಮೋಟರ್ ಅಂತ ಒಂದೊಂದಾಗಿ ನೋಡಬೇಕು. ಊರೊಳಗೆ ಸರಿ ಇದ್ದು ವೇಗದಲ್ಲಿ ಅಥವಾ ಏರು ಹತ್ತುವಾಗ ಕಾದರೆ ಕಟ್ಟಿಕೊಂಡ ರೇಡಿಯೇಟರ್ ಅಥವಾ ಸೊರಗಿದ ಪಂಪ್ ಇರಬಹುದು. ರೇಡಿಯೇಟರ್ ರೆಕ್ಕೆಗಳಲ್ಲಿ ಹುಳ, ಮಣ್ಣು ತುಂಬಿದ್ದರೆ ತಣ್ಣಗಿರುವಾಗ ಇಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲನೆ ನೀರು ಬಿಡಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಮೇಲಿನ ಹೋಸ್ ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇರಬಹುದು. ಅದನ್ನು ತೆಗೆದುಹಾಕಿ ಓಡಿಸಿ ಅನ್ನುವವರಿದ್ದಾರೆ. ಆ ಮಾತು ಕೇಳಬೇಡಿ. ಇಂಜಿನ್ ಸರಿಯಾದ ಬಿಸಿಗೆ ಬರದೆ ಇಂಧನ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಇಂಜಿನ್‌ಗಳಲ್ಲಂತೂ ಕೂಲೆಂಟ್ ರೇಡಿಯೇಟರ್‌ಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ ಇನ್ನೂ ಕಾಯುತ್ತದೆ.

ಇನ್ನು ಹೆಡ್ ಗ್ಯಾಸ್ಕೆಟ್. ಹೊರಗೆ ಎಲ್ಲೂ ಸೋರಿಕೆ ಇಲ್ಲದೆ ಕೂಲೆಂಟ್ ಕಡಿಮೆಯಾಗುವುದು, ಇಂಜಿನ್ ಕಾದ ಮೇಲೂ ಸೈಲೆನ್ಸರ್‌ನಿಂದ ಸಿಹಿ ವಾಸನೆಯ ಬಿಳಿ ಹೊಗೆ, ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಹೋಸ್ ಗಟ್ಟಿಯಾಗುವುದು, ಟ್ಯಾಂಕ್‌ನಲ್ಲಿ ನಿಲ್ಲದ ಗುಳ್ಳೆ. ಇವು ಕಂಡರೆ ಬ್ಲಾಕ್ ಟೆಸ್ಟ್ ಮಾಡಿಸಿ. ಕೂಲೆಂಟ್ ಮೇಲಿನ ಗಾಳಿಯನ್ನು ಒಂದು ನೀಲಿ ದ್ರವದ ಮೂಲಕ ಹಾಯಿಸುತ್ತಾರೆ. ಅದು ಹಳದಿಗೆ ತಿರುಗಿದರೆ ಸಿಲಿಂಡರ್‌ನಲ್ಲಿ ಸುಟ್ಟ ಅನಿಲ ಕೂಲೆಂಟ್‌ಗೆ ಸೇರುತ್ತಿದೆ. ಅಂಥ ಕಾರಿಗೆ ದಿನಾ ನೀರು ತುಂಬಿಸಿ ಓಡಿಸುವುದು ಬೇಡ.

ಸುಟ್ಟರೆ, ಚೆಲ್ಲಿದರೆ

ಬಿಸಿ ಕೂಲೆಂಟ್ ಬಿದ್ದ ಜಾಗವನ್ನು ಹರಿಯುವ ತಂಪು ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಚರ್ಮಕ್ಕೆ ಅಂಟಿರದ ಬಟ್ಟೆ, ಉಂಗುರ, ಬಳೆ ತೆಗೆಯಿರಿ. ಐಸ್, ಬೆಣ್ಣೆ, ಪೇಸ್ಟ್ ಏನೂ ಹಚ್ಚಬೇಡಿ. ಕಣ್ಣಿಗೆ ಹೋದರೆ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಇರಿ. ಮುಖ, ಕಣ್ಣು, ಕೈ ಸುಟ್ಟಿದ್ದರೆ, ಬೊಬ್ಬೆ ದೊಡ್ಡದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು.

ಇಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನಾಯಿ, ಬೆಕ್ಕು ನೆಕ್ಕುತ್ತವೆ, ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ. ಸ್ವಲ್ಪ ಕುಡಿದರೂ ಕಿಡ್ನಿ ಹಾಳಾಗಬಹುದು, ಜೀವವೂ ಹೋಗಬಹುದು. ಶುರುವಿನಲ್ಲಿ ಏನೂ ಆಗಿಲ್ಲದ ಹಾಗೆ ಕಾಣಬಹುದು, ಆದರೂ ತಕ್ಷಣ ಆಸ್ಪತ್ರೆಗೆ, ಪ್ರಾಣಿಯಾದರೆ ಪಶುವೈದ್ಯರ ಬಳಿಗೆ ಓಡಿ. ಚೆಲ್ಲಿದ್ದನ್ನು ಮರಳು ಅಥವಾ ಬಟ್ಟೆಯಿಂದ ಹೀರಿ ತೆಗೆದು, ಉಳಿದ ಜಾಗ ಚೆನ್ನಾಗಿ ತೊಳೆಯಿರಿ. ಹಳೆ ಕೂಲೆಂಟ್ ಚರಂಡಿಗೆ ಸುರಿಯಬೇಡಿ, ಮುಚ್ಚಳ ಇರುವ ಡಬ್ಬಿಯಲ್ಲಿ ಗ್ಯಾರೇಜ್‌ಗೆ ಕೊಡಿ. ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಯಾವತ್ತೂ ತುಂಬಿಡಬೇಡಿ.

ರಿಪೇರಿ ಆದ ಮೇಲೆ

ಕಾರಿನಲ್ಲಿ ಸರಿಯಾದ ಬಗೆಯ ಒಂದು ಲೀಟರ್ ರೆಡಿ ಮಿಕ್ಸ್ ಕೂಲೆಂಟ್, ದಪ್ಪ ಟವಲ್, ಕೈಗವಸು, ಟಾರ್ಚ್ ಇಟ್ಟುಕೊಳ್ಳಿ. ಕೂಲೆಂಟ್ ಎಷ್ಟು ವರ್ಷಕ್ಕೆ ಬದಲಿಸಬೇಕು ಅನ್ನುವುದು ಅದರ ಬಗೆಯ ಮೇಲೆ ನಿಂತಿದೆ. ಹಳೆ ಬಗೆಯದಕ್ಕೆ ಸುಮಾರು 2 ವರ್ಷ, ಲಾಂಗ್ ಲೈಫ್ ಬಗೆಯದಕ್ಕೆ 5 ವರ್ಷ ಅಥವಾ ಇನ್ನೂ ಜಾಸ್ತಿ. ಕೈಪಿಡಿಯ ಮಾತೇ ಕೊನೆ. ತುಂಬ ದಿನ ಬಿಟ್ಟರೆ ತುಕ್ಕು ತಡೆಯುವ ರಾಸಾಯನಿಕ ಮುಗಿದು, ದ್ರವ ಕಂದು ಬಣ್ಣಕ್ಕೆ ತಿರುಗಿ ರೇಡಿಯೇಟರನ್ನು ಒಳಗಿಂದ ತಿನ್ನುತ್ತದೆ.

ರಿಪೇರಿಯಾಗಿ ಬಂದ ಮರುದಿನ ಬೆಳಗ್ಗೆ, ಇಂಜಿನ್ ತಣ್ಣಗಿರುವಾಗ, ಟ್ಯಾಂಕ್ ಮೇಲೆ ಮಟ್ಟದ ನೇರಕ್ಕೆ ಒಂದು ಟೇಪ್ ಅಂಟಿಸಿ. ಮೊದಲ ಕೆಲವು ದಿನ ಒಳಗಿನ ಗಾಳಿ ಹೊರಬಂದು ಸ್ವಲ್ಪ ಇಳಿಯುವುದು ಮಾಮೂಲಿ. ಒಮ್ಮೆ ತುಂಬಿಸಿ, ಟೇಪ್ ಸರಿಪಡಿಸಿ, ಇನ್ನೊಂದು ವಾರ ಕಾರನ್ನು ಅದೇ ಜಾಗದಲ್ಲಿ ನಿಲ್ಲಿಸಿ, ಬೆಳಗ್ಗೆ ತಣ್ಣಗಿರುವಾಗ ಮಟ್ಟ ನೋಡಿ. ಆಗಲೂ ಟೇಪ್‌ಗಿಂತ ಕೆಳಗಿಳಿದಿದ್ದರೆ ಸೋರಿಕೆ ಇನ್ನೂ ಇದೆ. ಬಾಟಲಿ ಎತ್ತಿಕೊಳ್ಳುವ ಬದಲು ಅದೇ ದಿನ ಕಾರನ್ನು ಪ್ರೆಷರ್ ಟೆಸ್ಟ್‌ಗೆ ಕೊಡಿ.